ಸೌದೆ ಒಲೆಯೋ, ಗ್ಯಾಸ್ ಒಲೆಯೋ?

ಊರಿಗೊಬ್ಬಳು ಚಿತ್ರ ತೆಗೆಯುವ ಹುಡುಗಿ ಇರುತ್ತಾಳೆ. ವಿಜ್ಞಾನದ ರೆಕಾರ್ಡ್ ಬುಕ್ಕಿಗೆ ಹೃದಯ, ಮೂತ್ರಪಿಂಡ, ದಾಸವಾಳದ ಸೀಳುನೋಟ ಬಿಡಿಸಿಕೊಳ್ಳಲು ಅರ್ಧ ತರಗತಿ ಅವಳ ಹಿಂದೆ ಬಿದ್ದಿರುತ್ತದೆ. ಆಗಸ್ಟ್ 15ಕ್ಕೆ ಕಪ್ಪುಹಲಗೆಯ ಮೇಲಿನ ಬಣ್ಣದ ಸೀಮೆಸುಣ್ಣದ ಭಾರತಮಾತೆ ಅವಳದು. ಓಣಿಯಲ್ಲಿ ಗಣಪತಿ ಕೂರಿಸಿದರೆ ಹಿಂದಿನ ಪರದೆ ಅವಳದು, ಮದುವೆ ಮನೆಯ ಥರ್ಮಾಕೋಲ್ ಅಕ್ಷರವೂ ಅವಳದೇ. ಡ್ರಾಯಿಂಗ್ ಮೇಷ್ಟ್ರು ತಾವೇ ಮುಂದೆ ನಿಂತು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸುತ್ತಾರೆ. ಬಂದವರೆಲ್ಲ ನೋಡಿ ಹೇಳುವುದು ಒಂದೇ ಮಾತು: "ಥೇಟ್ ಫೋಟೊ ಇದ್ದಂಗ ಐತಿ!"

ಬ್ಯಾಡಗಿಯಲ್ಲಿ ಆ ಹುಡುಗಿ ನನ್ನ ಅಕ್ಕನ ಮಗಳು. ಪಿಯುಸಿ ಮುಗಿಸಿ ಬಿವಿಎ ಮಾಡುತ್ತೇನೆಂದು ಹಟ ಹಿಡಿದಾಗ ಅಕ್ಕ ನನಗೆ ಫೋನು ಮಾಡಿ, "ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನೋ ತಮ್ಮಾ?" ಎಂದು ಕೇಳಿದಳು. ಪತ್ರಿಕೆಯಲ್ಲಿ ಕತೆಗಳ ಪುಟ ನೋಡಿಕೊಳ್ಳುವವನು ನಾನು, ಕಲಾವಿದರ ಗಳಿಕೆ ಎಷ್ಟೆಂದು ನನಗೆ ಗೊತ್ತಿರಬೇಕು ಎಂಬುದು ಅವಳ ಲೆಕ್ಕ. ಗೊತ್ತಿತ್ತು, ಅದಕ್ಕೇ ಸುಮ್ಮನಾದೆ. ಹುಡುಗಿಗೆ ಮಾತ್ರ ಗೊಂದಲವೇ ಇರಲಿಲ್ಲ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಚಿತ್ರ ಅವಳಿಗೆ ಬೇಡ, ಕತೆಯ ಪಕ್ಕದಲ್ಲಿ, ಮಕ್ಕಳ ಪುಸ್ತಕದಲ್ಲಿ, ಮುಖಪುಟದಲ್ಲಿ ಬರುವ ಚಿತ್ರ ಬೇಕು. ಪಕ್ಕದ ದಾವಣಗೆರೆಯಲ್ಲೇ ಒಳ್ಳೆಯ ಕಲಾ ಕಾಲೇಜಿದೆ ಎಂದರೂ ಕೇಳದೆ ಬೆಂಗಳೂರಿಗೆ ಬಂದಳು. ಪಿಜಿಯಲ್ಲಿ ಇನ್ನಿಬ್ಬರ ಜತೆ ಕೋಣೆ, ಭಾನುವಾರ ನಮ್ಮ ಮನೆಯ ರೊಟ್ಟಿ.

ಮುಗಿಸಿ ತಂದ ಚಿತ್ರಗಳನ್ನು ನೋಡುವುದು ನನ್ನ ಕೆಲಸ. ಚಿತ್ರಗಾರ್ತಿಯೊಬ್ಬಳು ತಯಾರಾಗುವುದನ್ನು ಅಷ್ಟು ಹತ್ತಿರದಿಂದ ಕಂಡಿದ್ದು ಅದೇ ಮೊದಲು. ಕೈ ಪಳಗುವುದೇ ಈ ವಿದ್ಯೆಯ ದೊಡ್ಡ ಭಾಗ ಅಂತ ಹೊರಗಿನವರು ತಿಳಿದಿರುತ್ತೇವೆ. ಕಡೇಪಕ್ಷ ಮೊದಲ ವರ್ಷದಲ್ಲಿ ಹಾಗಲ್ಲ. ಆ ವರ್ಷ ಅವಳು ನಿಜವಾಗಿ ಕಲಿತದ್ದು ಓದುವುದನ್ನು, ಓದಿ ತೀರ್ಮಾನ ತೆಗೆದುಕೊಳ್ಳುವುದನ್ನು. ಕೈ ಸ್ವಲ್ಪ ಕಾಲ ಕೆಟ್ಟೇಹೋಯಿತು.

ಬಿವಿಎ ನಾಲ್ಕು ವರ್ಷದ ಪದವಿ. ಮೊದಲ ವರ್ಷವನ್ನು ಫೌಂಡೇಶನ್ ಅನ್ನುತ್ತಾರೆ. ಮುಂದೆ ಪೇಂಟಿಂಗ್ ಮಾಡುವವನು, ಕಲ್ಲು ಕೆತ್ತುವವನು, ಜಾಹೀರಾತಿಗೆ ಹೋಗುವವಳು ಎಲ್ಲರೂ ಆ ವರ್ಷ ಒಂದೇ ಬಕೆಟ್ಟಿನ ಸುತ್ತ ಕೂರಬೇಕು. ಬಕೆಟ್ಟು, ಎರಡು ಇಟ್ಟಿಗೆ, ಒಂದು ಬಾಟಲಿ, ಅವುಗಳ ಹಿಂದೆ ನಿರಿಗೆ ಬಿದ್ದ ಬಟ್ಟೆ. ಒಂದು ಕಣ್ಣು ಮುಚ್ಚಿ, ತೋಳು ನೀಟಾಗಿ ಚಾಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ಇಟ್ಟಿಗೆಯ ಎಷ್ಟು ಪಾಲು ಬಕೆಟ್ಟು ಎಂದು ಅಳೆಯಬೇಕು. ಬಕೆಟ್ಟಿನ ಬಾಯಿ ಗುಂಡಗಿದೆ ಎಂಬುದು ನಮ್ಮ ತಲೆಗೆ ಗೊತ್ತು. ಕೂತ ಜಾಗದಿಂದ ಕಣ್ಣಿಗೆ ಕಾಣುವುದು ಚಪ್ಪಟೆಯಾದ ಮೊಟ್ಟೆಯಾಕಾರ. ತಲೆಯ ಮಾತು ಕೇಳಿ ಗುಂಡಗೆ ಬಿಡಿಸಿದರೆ ಬಕೆಟ್ಟು ಮುಂದಕ್ಕೆ ಮುಗ್ಗರಿಸುತ್ತದೆ. ಜತೆಗೆ ಬಣ್ಣದ ಚಕ್ರ, ಪರ್ಸ್‌ಪೆಕ್ಟಿವ್, ಅಕ್ಷರ ಬರವಣಿಗೆ, ಜೇಡಿಮಣ್ಣಿನ ಕೆಲಸ, ಲಿನೊ ಕೊರೆದು ಅಚ್ಚು ತೆಗೆಯುವುದು. ಇಲಸ್ಟ್ರೇಷನ್ ಎಂಬ ಹೆಸರಿನ ಪಾಠ ಆ ವರ್ಷದ ವೇಳಾಪಟ್ಟಿಯಲ್ಲಿ ಇರಲೇ ಇಲ್ಲ. "ಮಾಮಾ, ನಾ ಬಂದಿದ್ದು ಕತಿಗೆ ಚಿತ್ರಾ ತಗ್ಯಾಕ. ಇವ್ರು ಬಕೆಟ್ ಮುಂದ ಕುಂದ್ರಸ್ಯಾರ" ಎಂದು ಅವಳು ರೊಟ್ಟಿ ಮುರಿಯುತ್ತ ಗೊಣಗಿದ್ದು ನೆನಪಿದೆ.

ಆಮೇಲೆ ಮೇಷ್ಟ್ರೊಬ್ಬರು ರಬ್ಬರು ಕಿತ್ತುಕೊಂಡರು. ಇನ್ನು ಮೇಲೆ ಬಾಲ್‌ಪೆನ್ನು, ಅಗ್ಗದ ಕಾಗದದ ಕಟ್ಟು, ದಿನವೂ ಕಟ್ಟು ತುಂಬ ಸ್ಕೆಚ್. ಹೋಗಬೇಕಾದದ್ದು ಕೆ.ಆರ್. ಮಾರುಕಟ್ಟೆಗೆ, ಮೆಜೆಸ್ಟಿಕ್ಕಿಗೆ, ಸಿಟಿ ರೈಲು ನಿಲ್ದಾಣಕ್ಕೆ. ಬೆಂಗಳೂರಿನಲ್ಲಿ ಕಲೆ ಓದಿದ ಯಾರನ್ನು ಕೇಳಿದರೂ ನಿಲ್ದಾಣದ ರಾತ್ರಿಗಳ ಒಂದು ಕತೆ ಹೇಳುತ್ತಾರೆ. ಅಲ್ಲಿ ಪುಕ್ಕಟೆ ಮಾಡೆಲ್‌ಗಳು ರಾಶಿ ಬಿದ್ದಿರುತ್ತವೆ. ರೈಲಿಗೆ ಕಾದವರು ಅಲುಗಾಡುವುದಿಲ್ಲ, ನಿದ್ದೆ ಹೋದವರು ಇನ್ನೂ ಒಳ್ಳೆಯವರು. ಕಷ್ಟ ಇರುವುದು ಚಹಾದವನದು. ಎರಡು ಗೆರೆ ಎಳೆಯುವಷ್ಟರಲ್ಲಿ ಬೇರೆ ಬೋಗಿಯ ಬಾಗಿಲಿಗೆ ಹೋಗಿರುತ್ತಾನೆ. ಅವನನ್ನು ಒಂದು ಸಲ ನೋಡಿ, ಕಣ್ಣು ಮುಚ್ಚಿ, ನೆನಪಿನಿಂದ ಹಾಕಬೇಕು. ಹಾಕುವಾಗ ಮೂಗು ಹೇಗಿತ್ತು ಎಂಬುದು ಉಪಯೋಗಕ್ಕೆ ಬರುವುದಿಲ್ಲ. ಕೆಟಲಿನ ಭಾರಕ್ಕೆ ಯಾವ ಭುಜ ಇಳಿದಿತ್ತು, ಸಮತೂಕಕ್ಕೆ ಸೊಂಟ ಯಾವ ಕಡೆ ಸರಿದಿತ್ತು ಎಂಬುದಷ್ಟೇ ಬರುತ್ತದೆ.

ಹುಡುಗಿಯೊಬ್ಬಳು ಮೆಜೆಸ್ಟಿಕ್ಕಿನಲ್ಲಿ ಪುಸ್ತಕ ಬಿಚ್ಚಿಕೊಂಡು ಗಂಡಸರನ್ನು ದಿಟ್ಟಿಸಿ ನೋಡುವುದೇನೂ ಸಲೀಸಲ್ಲ. ಒಂಟಿಯಾಗಿ ಹೋಗಬಾರದು, ಬೆನ್ನ ಹಿಂದೆ ಗೋಡೆ ಇರುವ ಜಾಗ ಹಿಡಿಯಬೇಕು, ನೋಡುತ್ತಿರುವುದು ತಿಳಿದರೆ ಮುಖ ತಿರುಗಿಸದೆ ಪುಟ ತೋರಿಸಿಬಿಡಬೇಕು. ಇವು ಅವಳು ತಾನಾಗಿ ಕಂಡುಕೊಂಡ ಸೂತ್ರಗಳು. ಪುಟ ತೋರಿಸಿದರೆ ಜನ ಕರಗುತ್ತಾರಂತೆ. ಸಿಟ್ಟು ಮಾಡಿಕೊಳ್ಳುವ ಬದಲು, "ನಂದೂ ಒಂದು ಬಿಡ್ಸಮ್ಮ" ಎಂದು ಶರಟಿನ ಗುಂಡಿ ಹಾಕಿಕೊಂಡು ಎದುರು ಕೂರುತ್ತಾರೆ. ಕೂತೊಡನೆ ಚಿತ್ರ ಕೆಡುತ್ತದೆ, ಯಾಕೆಂದರೆ ಮೈ ಬಿಗಿಯಾಗುತ್ತದೆ. ಪಿಜಿಯಲ್ಲಿ ಊಟದ ಹೊತ್ತಿಗೂ ಯಾರ ಮುಖವನ್ನೂ ನೋಡಿ ಮಾತಾಡದಿದ್ದ ಹುಡುಗಿ, ಮಾರುಕಟ್ಟೆಯ ಹೂವಿನ ಸಾಲಿನ ಮುದುಕಿಯ ಜತೆ ಅರ್ಧ ಗಂಟೆ ಹರಟಿದಳು. ಅಲ್ಲಿನ ತಮಿಳು ಬೆರೆತ ಕನ್ನಡ ಮುದುಕಿಯದು, ಬ್ಯಾಡಗಿಯ ಕನ್ನಡ ಇವಳದು.

ಮೊದಲ ಸೆಮಿಸ್ಟರಿನ ಕೊನೆಗೆ ಅವಳ ಚಿತ್ರಗಳು ಊರಲ್ಲಿದ್ದಾಗಿನದಕ್ಕಿಂತ ಕಳಪೆಯಾಗಿ ಕಾಣುತ್ತಿದ್ದವು. ಮೊಬೈಲಿನ ಫೋಟೊ ಮುಂದಿಟ್ಟುಕೊಂಡು ಸಿನಿಮಾ ನಟರ ಕಣ್ಣಿನ ಹೊಳಪು, ಗಡ್ಡದ ಒಂದೊಂದು ಕೂದಲು ನಕಲು ಮಾಡುತ್ತಿದ್ದ ಕೈ ಅದು. ಫೋಟೊದಲ್ಲಿ ಮೂರು ಆಯಾಮದ ಲೋಕವನ್ನು ಚಪ್ಪಟೆ ಮಾಡುವ ಕಷ್ಟ ಮೊದಲೇ ಮುಗಿದಿರುತ್ತದೆ. ನಿಲ್ದಾಣದಲ್ಲಿ ಆ ಕಷ್ಟ ನಮ್ಮದೇ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸ್ಕೆಚ್ ನೋಡಿ ಅಕ್ಕ, "ಇದೇನ, ಕೋಳಿ ಕೆದರಿದಂಗ ಐತಿ. ಇದಕ್ಕ ಅಷ್ಟ ರೊಕ್ಕ ಕಟ್ಟೇವೇನು?" ಎಂದಳು. ಅತ್ತ ತರಗತಿಯಲ್ಲಿ ಬೇರೆಯದೇ ಪೆಟ್ಟು. ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ಊರಿನ, ತಮ್ಮ ತಮ್ಮ ಶಾಲೆಯ ‘ಚಿತ್ರ ತೆಗೆಯುವ’ ಮಕ್ಕಳೇ. ಕೆಲವರು ಐಪ್ಯಾಡ್ ಹಿಡಿದೇ ಬಂದವರು, ಇಂಗ್ಲಿಷಿನಲ್ಲಿ ತಮ್ಮ ಕೆಲಸದ ಬಗ್ಗೆ ಐದು ನಿಮಿಷ ನಿರರ್ಗಳ ಮಾತಾಡಬಲ್ಲವರು. ಚಿತ್ರಗಳನ್ನು ಗೋಡೆಗೆ ಅಂಟಿಸಿ ಎಲ್ಲರೂ ಸೇರಿ ಅಭಿಪ್ರಾಯ ಹೇಳುವ ‘ಕ್ರಿಟ್’ ಇರುತ್ತದಲ್ಲ, ಅದರಲ್ಲಿ ಇವಳ ಬಾಯಿಗೆ ಬೀಗ. "ಇಲ್ಲಿ ಎಲ್ಲಾರೂ ನನಕಿಂತ ಚಲೋ ತಗೀತಾರ್ರಿ ಮಾಮಾ. ನಾ ವಾಪಸ್ ಹೋಗ್ತೀನಿ" ಎನ್ನುವ ಮಟ್ಟಕ್ಕೆ ಹೋಯಿತು.

ನಾನು ಸಮಾಧಾನ ಹೇಳುವುದರಲ್ಲಿ ಚುರುಕಲ್ಲ. ಆರ್.ಕೆ. ಲಕ್ಷ್ಮಣರ ಕತೆ ಹೇಳಿದೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆ ಹುಡುಗ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ನಮ್ಮಲ್ಲಿ ಸೇರಿಸಿಕೊಳ್ಳುವಂಥ ಪ್ರತಿಭೆ ನಿನ್ನ ಚಿತ್ರಗಳಲ್ಲಿ ಇಲ್ಲ ಎಂಬರ್ಥದ ಉತ್ತರ ಬಂತು. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಅವರ ನಿಜವಾದ ಕಲಾಶಾಲೆ ಬೇರೆ ಕಡೆ ನಡೆಯುತ್ತಿತ್ತು. ಅಣ್ಣ ನಾರಾಯಣರ ಕತೆಗಳು ‘ದಿ ಹಿಂದೂ’ವಿನಲ್ಲಿ ಬರುವಾಗ ಅವಕ್ಕೆ ಚಿತ್ರ ಹಾಕುತ್ತಿದ್ದರು. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ‘ಕೊರವಂಜಿ’ಗೂ ಬರೆದರು. ಕತೆಯ ಪಕ್ಕ ಚಿತ್ರ ಹಾಕುತ್ತಲೇ ಬೆಳೆದ ಕೈ ಅದು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಪರದೆಯ ಮೇಲೆ ಮೂಡುತ್ತಿದ್ದ ಗೆರೆಗಳು ಅವರವೇ ಎಂದಾಗ ಹುಡುಗಿ ಮುಖ ಎತ್ತಿದಳು. ಆದರೂ ಈ ಥರದ ಕತೆಗಳ ಬಗ್ಗೆ ನನಗೊಂದು ಅನುಮಾನ ಇದ್ದೇ ಇದೆ. ಬಾಗಿಲು ಮುಚ್ಚಿಸಿಕೊಂಡವರಲ್ಲಿ ಲಕ್ಷ್ಮಣ್ ಆದವರು ಒಬ್ಬರು. ಉಳಿದವರ ಕತೆ ಯಾರೂ ಹೇಳುವುದಿಲ್ಲ.

ಕತೆಗಿಂತ ಹೆಚ್ಚು ಉಪಕಾರ ಮಾಡಿದ್ದು ನಮ್ಮ ಅಟ್ಟದ ಮೇಲಿನ ಹಳೆಯ ಪತ್ರಿಕೆಗಳ ಕಟ್ಟು. ‘ಸುಧಾ’ ಶುರುವಾದದ್ದು 1965ರಲ್ಲಿ, ‘ಮಯೂರ’ 1968ರಲ್ಲಿ. ಕನ್ನಡ ‘ಚಂದಮಾಮ’ ಅವಕ್ಕಿಂತ ಹಳೆಯದು, 1949ರದು. ಒಂದು ಭಾನುವಾರ ಅವಳು ಆ ಕಟ್ಟಿನ ಮುಂದೆ ಕೂತವಳು ಊಟಕ್ಕೂ ಏಳಲಿಲ್ಲ. ಆ ಕಾಲದ ಚಿತ್ರಗಳಲ್ಲಿ ಬೂದು ಬಣ್ಣವೇ ಕಾಣುವುದಿಲ್ಲವಲ್ಲ, ನೆರಳಿಗೂ ಬರೀ ಗೀಟು, ಬರೀ ಚುಕ್ಕಿ, ಯಾಕೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆಗಿನ ಮೊಳೆಯಚ್ಚಿನಲ್ಲಿ ಚಿತ್ರಕ್ಕೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಚಿತ್ರವನ್ನು ಫೋಟೊ ತೆಗೆದು, ಅದನ್ನು ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆ ಇಲ್ಲದ ಜಾಗವನ್ನೆಲ್ಲ ಆಮ್ಲಕ್ಕೆ ತಿನ್ನಿಸುತ್ತಿದ್ದರು. ಎದ್ದು ನಿಂತ ಗೆರೆಗೆ ಮಸಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಅಂದರೆ ಕಪ್ಪು ಇಲ್ಲವೇ ಬಿಳಿ, ನಡುವೆ ಏನೂ ಇಲ್ಲ. ಬೂದು ಬೇಕಿದ್ದರೆ ಚುಕ್ಕಿಚುಕ್ಕಿಯ ಹಾಫ್‌ಟೋನ್ ಬ್ಲಾಕು. ಅದಕ್ಕೆ ಖರ್ಚೂ ಹೆಚ್ಚು, ಒರಟು ನ್ಯೂಸ್‌ಪ್ರಿಂಟಿನ ಮೇಲೆ ಮಸಿ ಹರಡಿ ಮುಖವೆಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ನಮ್ಮ ಪತ್ರಿಕೆಗಳ ಚಿತ್ರಗಾರರು ಇಡೀ ಲೋಕವನ್ನು ಗೆರೆಯಲ್ಲೇ ಹೇಳುವುದನ್ನು ರೂಢಿಸಿಕೊಂಡರು. ಮುಂಗಾರಿನ ಮೋಡ, ಕಂಬಳಿ, ಮುದುಕಿಯ ಕೆನ್ನೆ ಎಲ್ಲಕ್ಕೂ ಬೇರೆ ಬೇರೆ ಜಾತಿಯ ಗೀಟು. ಕಲಾವಿದರ ಶೈಲಿ ಎಂದು ನಾವು ಹೊಗಳುವುದರಲ್ಲಿ ಅರ್ಧ ಪಾಲು ಅಚ್ಚಿನ ಮನೆಯ ಇಕ್ಕಟ್ಟಿಗೆ ಸೇರಬೇಕು.

ಆ ಪರಂಪರೆಯಲ್ಲಿ ಬಂದವರು ಗೆರೆಯನ್ನು ಹಗುರವಾಗಿ ಎಣಿಸಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಗೆರೆಗೆ ಲಯ ಬರಬೇಕೆಂದು ಕಥಕ್ ಕಲಿತರು. ಆರ್.ಎಂ. ಹಡಪದ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಓದಿದ ಪುತ್ತೂರಿನ ಚಂದ್ರನಾಥ ಆಚಾರ್ಯ, ‘ಪ್ರಜಾವಾಣಿ’ ಬಳಗದ ಪತ್ರಿಕೆಗಳಿಗೆ ಚಿತ್ರ ಬರೆದರು, ಶಾಂತಿನಿಕೇತನದಲ್ಲಿ ಗ್ರಾಫಿಕ್ ಕಲೆ ಕಲಿತರು. ವಾರವಾರದ ಗಡುವು ಒಂದು ಕಡೆ, ಗಂಭೀರ ಕಲೆ ಇನ್ನೊಂದು ಕಡೆ ಎಂಬ ಗೋಡೆಯೇ ಅವರಿಗೆ ಇರಲಿಲ್ಲ. ಪುಟಗಳನ್ನು ತಿರುವುತ್ತಿದ್ದ ಹುಡುಗಿ ಮುಂದಿನ ವಾರದಿಂದ ಕಡ್ಡಿ ನಿಬ್ಬು, ಇಂಡಿಯನ್ ಇಂಕು ಹಿಡಿದಳು. ಬೆರಳೆಲ್ಲ ಕಪ್ಪು, ನಮ್ಮ ಸೋಫಾದ ಕೈಯೂ ಕಪ್ಪು.

ಆಗ ನಾನು ಅವಳಿಗೊಂದು ಕತೆ ಕೊಟ್ಟೆ. ಪ್ರಕಟಣೆಗೆಂದಲ್ಲ, ಅಭ್ಯಾಸಕ್ಕೆ. ಯಾರೋ ಕಳಿಸಿದ್ದ, ನಾವು ಬಳಸದೆ ಉಳಿದಿದ್ದ ಕತೆ. ಸಾರಾಂಶ ಇಷ್ಟು: ಅಣ್ಣ ತಮ್ಮ ಬೇರೆಯಾಗುತ್ತಾರೆ, ಮನೆಯ ನಡುವೆ ಗೋಡೆ ಏಳುತ್ತದೆ, ತಾಯಿ ಅಣ್ಣನ ಪಾಲಿಗೆ ಬರುತ್ತಾಳೆ. ಕೊನೆಯಲ್ಲಿ ರಾತ್ರಿ ಯಾರಿಗೂ ಕಾಣದಂತೆ ಆಕೆ ಅಡುಗೆಮನೆಯ ಗೋಡೆಯಿಂದ ಒಂದು ಇಟ್ಟಿಗೆ ಎಳೆದು ಆ ಕಿಂಡಿಯಲ್ಲಿ ತಮ್ಮನ ಮಗುವಿಗೆ ಹಾಲಿನ ಬಟ್ಟಲು ಕೊಡುತ್ತಾಳೆ.

ಅವಳು ಬರೆದು ತಂದದ್ದು ನಿರೀಕ್ಷಿಸಿದ್ದೇ. ಕಿಂಡಿ, ಸುಕ್ಕುಗಟ್ಟಿದ ಕೈ, ಬಟ್ಟಲು, ಆಚೆಯಿಂದ ಚಾಚಿದ ಪುಟ್ಟ ಕೈ. ಗೀಟುಗಳು ಚೆಂದವಾಗಿದ್ದವು. ಆದರೆ ಪತ್ರಿಕೆ ಬಿಚ್ಚಿದ ಓದುಗ ಮೊದಲು ನೋಡುವುದು ಚಿತ್ರವನ್ನು. ಅದರಲ್ಲೇ ಕಿಂಡಿಯೂ ಬಟ್ಟಲೂ ಕಂಡುಬಿಟ್ಟರೆ ಎರಡು ಪುಟ ಓದಿ ಅವನಿಗೆ ಸಿಗುವುದೇನು? ಹಾಗಂದಾಗ ಅವಳ ಮುಖ ಚಿಕ್ಕದಾಯಿತು. ಮುಂದಿನ ವಾರ ಜಗಳ ಬಿಡಿಸಿ ತಂದಳು, ಅಣ್ಣ ತಮ್ಮ ಬೆರಳು ತೋರಿಸುತ್ತ ನಿಂತದ್ದು. ಅದು ಇಂಥ ಯಾವ ಕತೆಗಾದರೂ ಒಪ್ಪುವ ಚಿತ್ರ, ಹಾಗಾಗಿ ಈ ಕತೆಗೆ ಒಪ್ಪುವುದಿಲ್ಲ. ಆಮೇಲೆ ಅವಳು ಬಿಡಿಸುವುದನ್ನು ನಿಲ್ಲಿಸಿ ಪ್ರಶ್ನೆ ಕೇಳತೊಡಗಿದಳು. ನನ್ನ ಮಟ್ಟಿಗೆ ಅವಳ ಕಲಿಕೆ ಅಲ್ಲಿಂದ ಶುರು.

"ಆ ಅಡಗಿಮನ್ಯಾಗ ಕಟಿಗಿ ಒಲಿ ಇತ್ತೋ, ಗ್ಯಾಸ್ ಇತ್ತೋ?"

"ಕತೆಯಲ್ಲಿ ಬರೆದಿಲ್ಲವಲ್ಲ."

"ಅದಕ್ಕ ಕೇಳಿದ್ದು. ಮುದುಕಿ ತಲಿ ಮ್ಯಾಲ ಸೆರಗು ಹೊತ್ಕೊಂಡಾಳೋ ಇಲ್ಲೋ? ಸೀರಿ ಇಲಕಲ್ಲೋ, ಆ ಕಡೀದೋ?"

ಕತೆಗಾರ ‘ಅಡುಗೆಮನೆ’ ಎಂದು ಬರೆದು ಮುಂದೆ ಹೋಗಿಬಿಡಬಹುದು. ಓದುಗ ತನ್ನ ಮನೆಯ ಅಡುಗೆಮನೆಯನ್ನು ಅಲ್ಲಿಟ್ಟುಕೊಳ್ಳುತ್ತಾನೆ. ಚಿತ್ರ ಬರೆಯುವವಳಿಗೆ ಆ ಅನುಕೂಲ ಇಲ್ಲ. ಒಲೆ ಬಿಡಿಸಿದೊಡನೆ ಕತೆಗೊಂದು ಕಾಲ ಬರುತ್ತದೆ, ಸೀರೆ ಬಿಡಿಸಿದೊಡನೆ ಒಂದು ಸೀಮೆ, ಒಂದು ಜಾತಿ, ಒಂದು ಸ್ಥಿತಿಗತಿ ಬರುತ್ತದೆ. ಸೆರಗು ತಲೆಯ ಮೇಲೆ ಎಳೆದರೆ ಧಾರವಾಡದ ಕಡೆಯ ಮನೆ, ಬಿಟ್ಟರೆ ಮಂಡ್ಯವೂ ಆದೀತು. ಬರೆದವನು ತೀರ್ಮಾನಿಸದೆ ಬಿಟ್ಟದ್ದನ್ನೆಲ್ಲ ಅವಳು ತೀರ್ಮಾನಿಸಬೇಕು. ಅದಕ್ಕೆ ಆಧಾರ ಕತೆಯಲ್ಲೇ ಎಲ್ಲೋ ಇರುತ್ತದೆ. ಮಾತಿನ ವರಸೆಯಲ್ಲಿ, ಒಂದು ಊಟದ ಹೆಸರಿನಲ್ಲಿ, ಬಸ್ಸಿನ ದರದಲ್ಲಿ. ಹುಡುಕಬೇಕೆಂದರೆ ವಿಮರ್ಶಕನಿಗಿಂತ ನಿಧಾನವಾಗಿ ಓದಬೇಕು. ಅವಳು ಓದಿದಳು. ತಾಯಿ ಒಂದು ಕಡೆ ‘ಬೂದಿ ಕೆದಕಿ’ ಏಳುತ್ತಾಳೆ ಎಂಬ ಮಾತು ಹಿಡಿದು, "ಕಟಿಗಿ ಒಲಿನ" ಎಂದು ತೀರ್ಪು ಕೊಟ್ಟಳು. ಆ ಕತೆಯನ್ನು ನಾನು ಓದಿ ಬದಿಗಿಟ್ಟಿದ್ದೆ, ಬೂದಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೊನೆಗೆ ಅವಳು ಆರಿಸಿಕೊಂಡದ್ದು ಕತೆಯಲ್ಲಿ ಒಂದೇ ಸಾಲು ದಾಟಿಹೋಗುವ ಗಳಿಗೆ. ಗೋಡೆ ಮೊಣಕಾಲೆತ್ತರಕ್ಕೆ ಬಂದಿದೆ, ಗೌಂಡಿ ಊಟಕ್ಕೆ ಹೋಗಿದ್ದಾನೆ. ಅವನ ಕರಣೆ ಗೋಡೆಯ ಮೇಲಿದೆ, ಮಟ್ಟ ನೋಡಲು ಕಟ್ಟಿದ ದಾರ ಈ ಗೋಡೆಯಿಂದ ಆ ಗೋಡೆಗೆ ಬಿಗಿದಿದೆ. ತಾಯಿ ಎಂದಿನಂತೆ ಒಲೆಯಿಂದ ದೇವರ ಗೂಡಿನ ಕಡೆ ಹೋಗಲು ಸೀರೆ ಎತ್ತಿ ಅದನ್ನು ದಾಟುತ್ತಿದ್ದಾಳೆ, ಒಂದು ಕಾಲು ಆಚೆ, ಒಂದು ಕಾಲು ಈಚೆ. ಮುಖ ಕಾಣುವುದಿಲ್ಲ. ಚಹಾದವನ ಇಳಿಬಿದ್ದ ಭುಜ ಕಲಿಸಿದ ವಿದ್ಯೆಯೆಲ್ಲ ಆ ಸೊಂಟದ ತಿರುವಿನಲ್ಲಿತ್ತು. ಕೊನೆಯನ್ನು ಬಿಟ್ಟುಕೊಡದೆ, ಕತೆ ಓದಿದ ಮೇಲೆ ಮತ್ತೊಮ್ಮೆ ತಿರುಗಿ ನೋಡಿಸಿಕೊಳ್ಳುವ ಚಿತ್ರ. ದಾರ ಮಾತ್ರ ಅವಳ ಸೇರ್ಪಡೆ, ಕತೆಯಲ್ಲಿ ಅದಿಲ್ಲ. ಇಲ್ಲದ್ದನ್ನು ಹಾಕಬಹುದೇ ಎಂದು ನಾವಿಬ್ಬರೂ ಬಹಳ ಹೊತ್ತು ವಾದಿಸಿದೆವು. ಗೌಂಡಿ ಇದ್ದ ಮೇಲೆ ದಾರ ಇರಲೇಬೇಕು ಎಂಬುದು ಅವಳ ವಾದ. ಕತೆ ಸುಳ್ಳಾಗುವ ವಸ್ತು ಸೇರಿಸಬಾರದು, ಕತೆಗೆ ಗೊತ್ತಿದ್ದೂ ಹೇಳದೆ ಬಿಟ್ಟದ್ದನ್ನು ಸೇರಿಸಬಹುದು ಎಂಬಲ್ಲಿಗೆ ಇಬ್ಬರೂ ಒಪ್ಪಿದೆವು.

ಎರಡನೆಯ ಸೆಮಿಸ್ಟರಿನಲ್ಲಿ ಅವಳ ನಾಲಗೆಯೂ ಬಿಟ್ಟಿತು. ಇಂಗ್ಲಿಷ್ ಬಂದುಬಿಟ್ಟಿತು ಎಂದಲ್ಲ. ತಾನು ಯಾಕೆ ಹೀಗೆ ಮಾಡಿದೆ ಎಂಬುದಕ್ಕೆ ಕಾರಣ ಇದ್ದರೆ ಯಾವ ಭಾಷೆಯಲ್ಲಾದರೂ ಹೇಳಬಹುದು ಎಂಬುದು ಗೊತ್ತಾಯಿತು. ಕ್ರಿಟ್‌ನಲ್ಲಿ ಒಬ್ಬ ಹುಡುಗ ಅವಳ ಚಿತ್ರ ಕಟ್ಟುವ ರೀತಿಯನ್ನು ತರಾಟೆಗೆ ತೆಗೆದುಕೊಂಡಾಗ ಅವಳು ಅಳಲೂ ಇಲ್ಲ, ಒಪ್ಪಲೂ ಇಲ್ಲ. ಸಂಜೆ ಅದೇ ಹುಡುಗನ ಹತ್ತಿರ ಹೋಗಿ ಅವನ ಟ್ಯಾಬ್ಲೆಟ್‌ನಲ್ಲಿ ಲೇಯರ್ ಬಳಸುವುದನ್ನು ಹೇಳಿಸಿಕೊಂಡಳು. ಈಗ ಅವರಿಬ್ಬರೂ ಸ್ಕೆಚ್ಚಿಂಗ್ ಜತೆಗಾರರು. ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಮಸಿಯ ಚಿತ್ರ ಬರೆದು ಇನ್‌ಸ್ಟಾಗ್ರಾಂಗೆ ಹಾಕುವ ‘ಇಂಕ್‌ಟೋಬರ್’ ಎಂಬ ರೂಢಿ ಇದೆ, 2009ರಲ್ಲಿ ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಗಾರ ತನ್ನ ಕೈ ಸುಧಾರಿಸಿಕೊಳ್ಳಲು ಶುರು ಮಾಡಿದ್ದು. ಅವಳೂ ಇಳಿದಳು, ಲೈಕು ಎಣಿಸುತ್ತ ನಿದ್ದೆಗೆಟ್ಟಳು, ನಡುವೆ ಬಿಟ್ಟಳು. ಬಿಟ್ಟದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಅಲ್ಲಿ ಗೆಲ್ಲುವುದು ಒಂದೇ ನೋಟಕ್ಕೆ ಮುಗಿಯುವ ಚಿತ್ರ.

ದುಡ್ಡಿನ ಪಾಠ ಮಿಕ್ಕ ಹಲವು ಪಾಠಗಳ ಹಾಗೆ ಕಾಲೇಜಿನ ಹೊರಗೇ ಆಯಿತು. ಸ್ನೇಹಿತೆಯ ಪರಿಚಯದ ಪುಟ್ಟ ಪ್ರಕಾಶಕರೊಬ್ಬರು ಮುಖಪುಟ ಕೇಳಿದರು. ಮೆಣಸಿನಕಾಯಿ ರಾಶಿಯ ಮುಂದೆ ನಿಂತ ಹೆಂಗಸಿನ ಚಿತ್ರ. ಬ್ಯಾಡಗಿಯವಳಿಗೆ ಹೇಳಿ ಮಾಡಿಸಿದ ವಿಷಯ. ಸುಕ್ಕುಸುಕ್ಕಾದ ಬ್ಯಾಡಗಿ ಕಾಯಿಯ ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣಕ್ಕೇ ಅದಕ್ಕೆ ಮಾರುಕಟ್ಟೆ. ಆ ಕೆಂಪನ್ನು ಅವಳು ಪರದೆಯ ಮೇಲೆ ಉರಿಯುವ ಹಾಗೆ ತುಂಬಿದಳು. ಪುಸ್ತಕ ಅಚ್ಚಾಗಿ ಬಂದಾಗ ರಾಶಿ ಹಳೆಯ ಹುಣಸೆಹಣ್ಣಿನಂತೆ ಕಂದಿತ್ತು. ಅತ್ತುಕೊಂಡೇ ಅಚ್ಚಿನ ಮನೆಗೆ ಹೋದಳಂತೆ. ಅಲ್ಲಿನ ಮಷಿನ್ ಮೇಸ್ತ್ರಿ ಲೂಪ್ ಎಂಬ ಭೂತಗನ್ನಡಿ ಕೈಗಿಟ್ಟು ಮುಖಪುಟವನ್ನು ನೋಡಿಸಿದರು. ಕೆಂಪೇ ಇಲ್ಲ. ಗುಲಾಬಿ ಛಾಯೆಯ ಮಜೆಂಟ ಚುಕ್ಕಿ, ಅದರ ಮೇಲೆ ಹಳದಿ ಚುಕ್ಕಿ, ನಡುನಡುವೆ ಸಯಾನ್ ಮತ್ತು ಕಪ್ಪು. ಪರದೆ ಬೆಳಕಿನಿಂದ ಬಣ್ಣ ಕೊಡುತ್ತದೆ, ಕಾಗದ ಮಸಿಯಿಂದ. ಬೆಳಕಿನ ಕೆಲವು ಬಣ್ಣಗಳು ಈ ನಾಲ್ಕು ಮಸಿಯ ಕೈಗೆ ಸಿಗುವುದೇ ಇಲ್ಲ. ಪರದೆಯ ಬಣ್ಣದ ಆರ್‌ಜಿಬಿ ಕಡತವನ್ನು ಹಾಗೇ ಕಳಿಸಿದರೆ ಯಂತ್ರ ತನಗೆ ತೋಚಿದ ಹಾಗೆ ನಾಲ್ಕು ಮಸಿಯ ಸಿಎಂವೈಕೆಗೆ ಇಳಿಸಿಕೊಳ್ಳುತ್ತದೆ. ಕೆಂಪಿನೊಳಗಿನ ಸಯಾನ್ ತೆಗೆದುಬಿಡಿ, ಪಕ್ಕದಲ್ಲಿ ಸ್ವಲ್ಪ ತಣ್ಣನೆಯ ಹಸಿರು ಇಡಿ, ಆಗ ಕಣ್ಣಿಗೆ ಕೆಂಪು ಹೊಡೆಯುತ್ತದೆ ಎಂದು ಮೇಸ್ತ್ರಿ ಹೇಳಿಕೊಟ್ಟರು. ಬಣ್ಣದ ಚಕ್ರವನ್ನು ತರಗತಿಯಲ್ಲಿ ಬೇಸರದಿಂದ ತುಂಬಿದ್ದವಳು ಅವತ್ತು ರಾತ್ರಿ ಅದೇ ಹಾಳೆ ಹುಡುಕಿ ತೆಗೆದಳು.

ಆ ಕೆಲಸಕ್ಕೆ ಅವಳಿಗೆ ಸಿಕ್ಕಿದ್ದು ಪುಸ್ತಕದ ಐದು ಪ್ರತಿ ಮತ್ತು "ನಿನ್ನ ಹೆಸರು ಹತ್ತು ಜನಕ್ಕೆ ಗೊತ್ತಾಗುತ್ತದೆ" ಎಂಬ ಮಾತು. ಹೆಸರನ್ನು ಒಳಪುಟದಲ್ಲಿ ತಪ್ಪಾಗಿ ಅಚ್ಚು ಮಾಡಿದ್ದರು. ಕಲಾ ಕಾಲೇಜುಗಳು ನಾಲ್ಕು ವರ್ಷದಲ್ಲಿ ಒಂದು ದಿನವಾದರೂ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಮಕ್ಕಳ ಮುಂದೆ ಬಿಚ್ಚಬೇಕು ಎಂದು ಆಗ ನನಗೆ ಬಲವಾಗಿ ಅನ್ನಿಸಿತು. ಕೃತಿಯ ಮೊದಲ ಹಕ್ಕು ರಚಿಸಿದವರದು ಎನ್ನುವ ಅದರ 17ನೇ ಸೆಕ್ಷನ್ನಿನಲ್ಲೇ ಒಂದು ತಿರುವು ಇದೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರಿಗೆ ಹೋಗುತ್ತದೆ. ಅಂದರೆ ಚೀಟಿ ಇಲ್ಲದಿದ್ದರೆ ಚಿತ್ರಗಾರನಿಗೇ ಪೆಟ್ಟು. ಹಕ್ಕು ಬಿಟ್ಟುಕೊಡುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದದ್ದು ನಾನು’ ಎನ್ನುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ಅವಳ ಹತ್ತಿರವೇ ಉಳಿಯುತ್ತದೆ. ಇದನ್ನೆಲ್ಲ ಅವಳು ನನ್ನಿಂದ ಕೇಳಿ ತಲೆಯಾಡಿಸಿದಳು. ಮನಸ್ಸಿಗೆ ಇಳಿಸಿದವರು ಮಾತ್ರ ಅವಳಪ್ಪ.

ಭಾವ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಮಗಳ ಓದಿನ ಬಗ್ಗೆ ವರ್ಷವಿಡೀ ಒಳ್ಳೆಯದು ಕೆಟ್ಟದ್ದು ಏನೂ ಹೇಳಿರಲಿಲ್ಲ. ವರ್ಷದ ಕೊನೆಯ ಡಿಸ್‌ಪ್ಲೇ ನೋಡಲು ಅಕ್ಕನ ಜತೆ ಬಂದವರು ಗೋಡೆ ದಾಟುವ ಮುದುಕಿಯ ಚಿತ್ರದ ಮುಂದೆ ನಿಂತರು. ಅಕ್ಕ, "ಥೇಟ್ ನಮ್ಮತ್ತಿ ಕಾಲು ಎತ್ತಿದಂಗ ಐತಲ್ಲ" ಎಂದು ನಕ್ಕಳು. ಭಾವ ನಗಲಿಲ್ಲ. ಇದನ್ನು ಮಾಡಲು ಎಷ್ಟು ದಿನ ಹಿಡಿಯಿತು, ಕಾಗದ ಎಷ್ಟರದು, ಕೆಟ್ಟುಹೋದ ಹಾಳೆ ಎಷ್ಟು, ಓದೋದಕ್ಕೆ ಹೋದ ಹೊತ್ತು ಹಿಡಿದಿದ್ದೀಯೋ ಇಲ್ಲವೋ ಎಂದು ಒಂದೊಂದೇ ಕೇಳಿದರು. ಓದುವುದಕ್ಕೂ ದುಡ್ಡು ಹಿಡಿಯಬೇಕೇ ಎಂದಳು ಮಗಳು. "ಹಮಾಲಿ ಹಿಡೀದ ಯಾವ ಲೆಕ್ಕ ಐತಿ? ಮತ್ತ ಬಾಯಿಲೆ ಆಡಿದ್ದು ಯಾಪಾರ ಅಲ್ಲವ್ವ, ಚೀಟಿ ಬರೀಬೇಕು" ಎಂದರು. ಆ ಸಂಜೆ ಅಪ್ಪ ಮಗಳು ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಒಂದು ದರಪಟ್ಟಿ ಮಾಡಿದರು. ಒಳಚಿತ್ರಕ್ಕೆ ಒಂದು ದರ, ಮುಖಪುಟಕ್ಕೆ ಒಂದು, ಅರ್ಧ ಮುಂಗಡ, ಎರಡು ಸಲದ ತಿದ್ದುಪಡಿ ಪುಕ್ಕಟೆ, ಮೂರನೆಯದಕ್ಕೆ ಬೇರೆ. ಬಳಗದವರ ಮದುವೆ ಕಾರ್ಡಿಗೆ ಏನು ಮಾಡುವುದೆಂಬಲ್ಲಿ ಜಗಳವಾಯಿತು. ಅದು ಇನ್ನೂ ಬಗೆಹರಿದಿಲ್ಲ.

ಎರಡು ಸಾಲು ಟೈಪು ಮಾಡಿದರೆ ಕ್ಷಣದಲ್ಲಿ ಚಿತ್ರ ಉಗುಳುವ ಯಂತ್ರಗಳು 2022ರಿಂದ ಎಲ್ಲರ ಕೈಗೆ ಸಿಕ್ಕಿವೆ. ಆ ಭಯ ಅವಳ ತರಗತಿಯ ಎಲ್ಲರಿಗೂ ಇದೆ, ಅವಳಿಗೂ ಇದೆ. ಮುದುಕಿ, ಗೋಡೆ, ಹಳ್ಳಿಮನೆ ಎಂದು ಅವಳೇ ಒಮ್ಮೆ ಟೈಪಿಸಿ ನೋಡಿದಳು. ಬಂದ ಚಿತ್ರದಲ್ಲಿ ಬೆಳಕು ಬಹಳ ಚೆನ್ನಾಗಿತ್ತು. ಮುದುಕಿಯ ಸೀರೆ ಎಲ್ಲಿಯದೂ ಆಗಿರಲಿಲ್ಲ, ಒಲೆಯಿಂದ ಹೊಗೆ ಬರುತ್ತಿತ್ತು, ಅದರ ಪಕ್ಕದಲ್ಲೇ ಗ್ಯಾಸಿನ ಸಿಲಿಂಡರಿತ್ತು. ಅದು ಇವತ್ತಿನ ಮಾತು. ನಾಳೆ ಅದು ಬೂದಿಯನ್ನೂ ಹಿಡಿದೀತು. ಅಗ್ಗದ ಕೆಲಸಗಳು ಹೋಗುವುದು ಖಂಡಿತ, ಈಗಾಗಲೇ ಹೋಗುತ್ತಿವೆ. ಹೊಸಬರು ಕೈ ತಿದ್ದಿಕೊಳ್ಳುತ್ತಿದ್ದುದು ಅಂಥ ಅಗ್ಗದ ಕೆಲಸಗಳಲ್ಲೇ ಎಂಬುದು ನನ್ನ ಚಿಂತೆ.

ಎರಡನೆಯ ವರ್ಷಕ್ಕೆ ವಿಭಾಗ ಆರಿಸಿಕೊಳ್ಳಬೇಕಿತ್ತು. ಪುಸ್ತಕಕ್ಕೆ ಚಿತ್ರ ಮಾಡುವವಳು ಅಪ್ಲೈಡ್ ಆರ್ಟ್ ತೆಗೆದುಕೊಳ್ಳುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದೆವು, ಕೆಲಸ ಸಿಗುವ ದಾರಿಯೂ ಅದೇ. ಅವಳು ಗ್ರಾಫಿಕ್ ಕಲೆ ಬರೆದುಕೊಟ್ಟು ಬಂದಿದ್ದಾಳೆ. ಲಿನೊ, ಮರ, ತಾಮ್ರದ ತಗಡು ಕೊರೆದು ಅಚ್ಚು ತೆಗೆಯುವ ವಿಭಾಗ. ತಾನು ಬರೆದದ್ದು ಅಚ್ಚಾಗುವಾಗ ಏನಾಗುತ್ತದೆಂದು ಮೊದಲು ಗೊತ್ತಾಗಬೇಕು ಎಂಬುದು ಅವಳ ಸಮಜಾಯಿಷಿ. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಅಟ್ಟದ ಮೇಲಿನ ಕಟ್ಟು ಇಳಿಸಿದ್ದು ನಾನೇ ಎಂದು.

ಈ ಲೇಖನಕ್ಕೆ ಒಂದು ರೇಖಾಚಿತ್ರ ಬೇಕು ಎಂದು ಅವಳಿಗೇ ಫೋನು ಮಾಡಿದೆ. ಗಡುವು ಯಾವಾಗ, ಅಳತೆ ಎಷ್ಟು, ಬಣ್ಣವೋ ಕಪ್ಪು-ಬಿಳುಪೋ ಎಂದು ಕೇಳಿದಳು. ಲೇಖನ ಪೂರ್ತಿ ಕಳಿಸಿ, ಓದದೆ ದರ ಹೇಳುವುದಿಲ್ಲ ಎಂದಳು. ಕಳಿಸಿದೆ. ರಾತ್ರಿ ಮೇಲ್ ಬಂತು. ವೆಬ್ ಆವೃತ್ತಿಗೂ ಬಳಸುವುದಾದರೆ ಅದರ ದರ ಬೇರೆ, ಮುಂಗಡ ಬಂದ ಮೇಲೆ ಕೆಲಸ ಶುರು, ಮತ್ತು ಐದನೆಯ ಪ್ಯಾರಾದಲ್ಲಿ ಚಹಾದವನ ಕೆಟಲು ಯಾವ ಕೈಯಲ್ಲಿತ್ತೆಂದು ನೀವು ಬರೆದಿಲ್ಲ.